ಕರೆಂಟ್ ಬಂದರೂ ತಿರುಗಬಾರದು

ಟೇಬಲ್ ಗರಗಸದ ಕೆಲಸ ಕಲಿಯಲು ಬರುವವರು ಮೊದಲು ಕೇಳುವುದು, ಹಲಗೆಯನ್ನು ನೇರವಾಗಿ ಕೊಯ್ಯುವುದು ಹೇಗೆ ಎಂದು. ನಾನು ಅದಕ್ಕೆ ಉತ್ತರ ಕೊಡುವ ಮೊದಲು ಅವರನ್ನು ಗೋಡೆಯ ಹತ್ತಿರ ಕರೆದೊಯ್ದು ಸ್ಟಾರ್ಟರ್ ಡಬ್ಬಿ ತೋರಿಸುತ್ತೇನೆ. ಮಶೀನ್ ಚಾಲೂ ಮಾಡಿ, ಮೇನ್ ಸ್ವಿಚ್ ಇಳಿಸಿ, ಬ್ಲೇಡ್ ನಿಂತ ಮೇಲೆ ಮತ್ತೆ ಮೇನ್ ಏರಿಸಲು ಹೇಳುತ್ತೇನೆ. ಕರೆಂಟ್ ಬಂದರೂ ಮಶೀನ್ ತಾನಾಗಿ ತಿರುಗಬಾರದು. ತಿರುಗಿದರೆ ಅವತ್ತು ಪಾಠವಿಲ್ಲ, ಎಲೆಕ್ಟ್ರಿಶಿಯನ್‌ಗೆ ಫೋನು. ಕೆಲವರು ನಗುತ್ತಾರೆ. ನಗಲಿ. ಈ ಹಟ ನನಗೆ ಎಲ್ಲಿಂದ ಬಂತು ಎಂದು ತಿಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ತೇರಗಾಂವದ ಒಕ್ಕಲುತನದ ಮನೆಯಲ್ಲಿ. ಮದುವೆಯಾಗಿ ಹಳಿಯಾಳಕ್ಕೆ ಬಂದೆ. ಗಂಡ ಊರ ಹೊರಗಿನ ಫರ್ನಿಚರ್ ವರ್ಕ್‌ಶಾಪಿನಲ್ಲಿ ಮಿಸ್ತ್ರಿ. ಅವರ ಹೆಸರು ಹೇಳಲು ಈಗಲೂ ನಾಲಿಗೆ ತಡೆಯುತ್ತದೆ, ಬರೆಯುವುದು ಸುಲಭ: ಚನ್ನಪ್ಪ. ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನಾನೂ ಅಲ್ಲೇ ಕೆಲಸಕ್ಕೆ ಸೇರಿದೆ. ಬಾಗಿಲು ಚೌಕಟ್ಟುಗಳಿಗೆ ಮರಳು ಕಾಗದ ಉಜ್ಜುವುದು, ಪಾಲಿಶ್ ಹಚ್ಚುವುದು, ಉದ್ದನೆಯ ಹಲಗೆ ಕೊಯ್ಯುವಾಗ ಮಶೀನಿನ ಆ ಕಡೆ ನಿಂತು ಹಿಡಿದುಕೊಳ್ಳುವುದು, ಇಷ್ಟೇ ಹೆಂಗಸರ ಕೆಲಸ. ಮಾಲೀಕರು ಪಾಂಡು ಶೇಟ್ರು. ಒಳ್ಳೆಯ ಮನುಷ್ಯರು, ಆದರೆ ಬೆಳಗ್ಗೆ ಎದ್ದಾಗಿನಿಂದಲೇ ಅವಸರ.

ಮಶೀನಿನ ಸ್ಟಾರ್ಟರ್ ಒಳಗೆ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಹೋದರೆ ಅದು ಸ್ವಿಚ್ಚನ್ನು ತಾನೇ ಬಿಡಿಸಿಬಿಡುತ್ತದೆ. ನಾವು ಮತ್ತೆ ಹಸಿರು ಗುಂಡಿ ಒತ್ತುವ ತನಕ ಮಶೀನ್ ಏಳುವುದಿಲ್ಲ. ನಮ್ಮ ಮಶೀನಿನ ಕಾಯಿಲ್ ಸುಟ್ಟಿತ್ತು. ಎಲೆಕ್ಟ್ರಿಶಿಯನ್ ಬಂದು ನೋಡಿ, ಹೊಸದು ಸಿಗುವ ತನಕ ನಡೆಯಲಿ ಎಂದು ಸ್ಟಾರ್ಟರ್ ಬಿಟ್ಟು ತಂತಿಯನ್ನು ಡೈರೆಕ್ಟ್ ಕೊಟ್ಟು ಹೋಗಿದ್ದ. ಕೆಲಸ ನಡೆಯುತ್ತಿತ್ತು, ಹೊಸ ಕಾಯಿಲ್ ತರುವ ನೆನಪು ಯಾರಿಗೂ ಆಗಲಿಲ್ಲ.

ಒಂದು ಮಧ್ಯಾಹ್ನ ನಮ್ಮವರು ಬಾಗಿಲ ಚೌಕಟ್ಟು ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು. ನಾನು ಸ್ವಲ್ಪ ದೂರದಲ್ಲಿ ಕೂತು ಕದ ಉಜ್ಜುತ್ತಿದ್ದೆ. ಬ್ಲೇಡ್ ನಿಂತಿತು. ಬ್ಲೇಡಿಗೂ ಟೇಬಲ್ಲಿಗೂ ನಡುವಿನ ಸಂದಿನಲ್ಲಿ ಕಟ್ಟಿಗೆಯ ಚೂರೊಂದು ಸಿಕ್ಕಿಕೊಂಡಿತ್ತು. ಅವರು ಬಗ್ಗಿ ಅದನ್ನು ಕೈಯಿಂದ ಎಳೆಯತೊಡಗಿದರು. ಅಷ್ಟರಲ್ಲಿ ಕರೆಂಟ್ ಬಂತು.

ಅವರು ಕಿರುಚಲಿಲ್ಲ. “ಗಂಗಿ, ಮೇನ್ ಆಫ್ ಮಾಡು” ಅಂದರು, ಅಷ್ಟೇ. ನಾನು ಓಡಿಹೋಗಿ ಮೇನ್ ಇಳಿಸಿ ತಿರುಗಿ ನೋಡಿದಾಗ ಅವರು ಹೆಗಲ ಮೇಲಿನ ಟವೆಲ್ಲನ್ನು ಬಲಗೈಗೆ ಸುತ್ತುತ್ತಿದ್ದರು. ಟವೆಲ್ಲಿನ ಬಣ್ಣ ಕಣ್ಣೆದುರೇ ಬದಲಾಗುತ್ತಿತ್ತು. ಶೇಟ್ರ ಜೀಪಿನಲ್ಲಿ ಧಾರವಾಡದ ಆಸ್ಪತ್ರೆಗೆ ಹೋದೆವು. ತೋರುಬೆರಳು, ನಡುಬೆರಳು, ಉಂಗುರ ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಗಾಯ ಮಾಯ್ದ ಮೇಲೆ ಶೇಟ್ರು ಅವರನ್ನು ಬಿಡಲಿಲ್ಲ. ಗಿರಾಕಿಗಳ ಮನೆಗೆ ಹೋಗಿ ಅಳತೆ ತರುವ ಕೆಲಸ ಕೊಟ್ಟರು. ಆದರೆ ನಮ್ಮವರು ಆ ಕೈಯನ್ನು ಯಾರಿಗೂ ತೋರಿಸಲಿಲ್ಲ. ಸದಾ ಒಂದು ಟವೆಲ್ ಸುತ್ತಿಕೊಂಡೇ ಇರುತ್ತಿದ್ದರು. ಊಟಕ್ಕೆ ಕೂತರೂ ಟವೆಲ್. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಶೀನಿಗೆ ಬೇರೆ ಊರಿನಿಂದ ಯಾರ್ಯಾರೋ ಬಂದರು, ನಾಲ್ಕು ದಿನ ಇದ್ದು ಹೋದರು.

ನಾನು ಒಂದು ಬೆಳಗ್ಗೆ ಶೇಟ್ರ ಮುಂದೆ ಹೋಗಿ ನಿಂತೆ. “ಶೇಟ್ರ, ಮಶೀನ್ ನಾ ನಡಸ್ತೇನ್ರಿ.”

ಅವರು ಚಹಾದ ಕಪ್ ಕೆಳಗಿಟ್ಟರು. “ಗಂಗವ್ವಾ, ತಲಿ ಕೆಟ್ಟೈತೇನ ನಿನಗ? ಒಂದ ಮನ್ಯಾಗಿಂದ ಎಷ್ಟ ಬೆರಳು ಕೊಡವರು ನೀವು?”

“ಒಂದೂ ಕೊಡಂಗಿಲ್ರಿ. ಅದಕ್ಕ ಮೊದಲ ಸ್ಟಾರ್ಟರ್ ರಿಪೇರಿ ಮಾಡಸ್ರಿ. ಅದು ಆಗೂತನಕ ನಾನೂ ಮುಟ್ಟಂಗಿಲ್ಲ, ಬ್ಯಾರೇದವರಿಗೂ ಮುಟ್ಟಾಕ ಬಿಡಂಗಿಲ್ಲ.”

ಅಷ್ಟು ಜೋರಾಗಿ ನಾನು ಅದುವರೆಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ಶೇಟ್ರು ಚಹಾ ಮುಗಿಸಿ ಎಲೆಕ್ಟ್ರಿಶಿಯನ್‌ಗೆ ಹೇಳಿ ಕಳಿಸಿದರು. ಹೊಸ ಕಾಯಿಲ್ ಬಂತು. ನಾನು ಅವನ ಮುಂದೆಯೇ ಮಶೀನ್ ಚಾಲೂ ಮಾಡಿ, ಮೇನ್ ಇಳಿಸಿ ಏರಿಸಿ ನೋಡಿದೆ. ಮಶೀನ್ ಏಳಲಿಲ್ಲ. “ಈಗ ನೀ ಮಾಡಿ ತೋರಸು” ಅಂದೆ. ಅವನೂ ತೋರಿಸಿದ.

ಮನೆಯಲ್ಲಿ ವಿಷಯ ತಿಳಿದಾಗ ನಮ್ಮವರು ಎದ್ದು ನಿಂತರು. “ನನ್ನ ಕೈ ತಿಂದ ಮಶೀನ್ ಮುಂದ ನೀ ಹೋಗಿ ನಿಂದ್ರತಿ? ನಾ ಇನ್ನೂ ಸತ್ತಿಲ್ಲ.”

“ನೀವು ಕಲಿಸಿದರ ಚಲೋ. ಕಲಸಲಿಲ್ಲಂದ್ರ ನೋಡಿ ಕಲೀತೇನಿ” ಅಂದೆ. ಅವರು ಹೊರಗೆ ಹೋದರು.

ಅವರಿಗಿಂತ ಕಷ್ಟವಾದದ್ದು ಬಳೆಗಳ ವಿಷಯ. ತಿರುಗುವ ಬ್ಲೇಡಿನ ಹತ್ತಿರ ಬಳೆ, ಉಂಗುರ, ಸಡಿಲ ತೋಳು, ಸೆರಗು, ಬಿಚ್ಚಿದ ಕೂದಲು ಏನೂ ಇರಬಾರದು. ಕೈಗವಸು ಹಾಕಿದರೆ ಸುರಕ್ಷಿತ ಎಂದು ಕೆಲವರು ತಿಳಿಯುತ್ತಾರೆ, ಅದು ಇನ್ನೂ ಅಪಾಯ. ದಾರದ ಒಂದು ಎಳೆ ಹಲ್ಲಿಗೆ ಸಿಕ್ಕರೆ ಕೈಯನ್ನೇ ಒಳಗೆ ಎಳೆಯುತ್ತದೆ. ನಾನು ಹೊಲಕ್ಕೆ ಹೋಗುವ ಹೆಂಗಸರ ಹಾಗೆ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟೆ, ತೋಳನ್ನು ಮೊಳಕೈ ಮೇಲಕ್ಕೆ ಕತ್ತರಿಸಿ ಬಿಗಿಯಾಗಿ ಹೊಲಿದೆ. ತಾಳಿಯನ್ನು ಕುಪ್ಪಸದೊಳಗೆ ಸೇರಿಸಿದೆ. ತಲೆಗೆ ವಸ್ತ್ರ ಕಟ್ಟಿದೆ. ಆದರೆ ಹಸಿರು ಗಾಜಿನ ಬಳೆ ತೆಗೆಯುತ್ತೇನೆ ಅಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟರು.

“ಗಂಡ ಇದ್ದಾಕಿ ಬರಿಗೈಲೆ ಹೊಸ್ತಲಾ ದಾಟತಿಯೇನು? ಅವ ಮೊದಲ ಅರ್ಧ ಕೈ ಕಳಕೊಂಡಾನ.”

ನಾನು ವಾದ ಮಾಡಲಿಲ್ಲ. “ಅತ್ತೀ, ಒಮ್ಮೆ ನನ್ನ ಕೂಡ ಬರ್ರಿ, ಮಶೀನ್ ನೋಡ್ರಿ. ಆಮ್ಯಾಲ ನೀವು ಹೇಳಿದಂಗ ಕೇಳ್ತೇನಿ” ಅಂದೆ. ಮರುದಿನ ಅತ್ತೆ ಬಂದರು. ನಾನು ಬಳೆಯ ಕೈಯನ್ನು ಬ್ಲೇಡಿನ ಹತ್ತಿರ ಒಯ್ಯದೆ, ಉದ್ದ ಕೋಲಿನಿಂದ ತಳ್ಳಿ ಒಂದು ತುಂಡು ಕಟ್ಟಿಗೆ ಕೊಯ್ದು ತೋರಿಸಿದೆ. ಅವರು ಮನೆಗೆ ಹಿಂದಿರುಗಿದರು. ಆ ಮರುದಿನ ಬೆಳಗ್ಗೆ ನಾನು ಎದ್ದಾಗ ಅತ್ತೆ ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿಕೊಂಡು ಕೂತಿದ್ದರು. “ಕೈ ತಾ” ಅಂದರು. ಒಂದೂ ಒಡೆಯದಂತೆ ಬಳೆಗಳನ್ನು ಜಾರಿಸಿ ದೇವರ ಜಗಲಿಯ ಮೇಲಿಟ್ಟರು. ಸಂಜೆ ನಾನು ಬಂದು ಕೈಕಾಲು ತೊಳೆದ ಕೂಡಲೇ ತಾವೇ ಮತ್ತೆ ತೊಡಿಸಿದರು. ಅವರು ಇರುವ ತನಕ ಇದು ನಡೆಯಿತು. ಬಳೆ ತೊಡಿಸುವಾಗ ಪ್ರತಿ ಸಂಜೆಯೂ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ನಾನು ಗಮನಿಸದವಳಂತೆ ಬೇರೆ ಕಡೆ ನೋಡುತ್ತಿದ್ದೆ.

ಮಶೀನಿನ ಮುಂದೆ ಮೊದಲ ವಾರ ನನ್ನದು ಬರೀ ಒದ್ದಾಟ. ಕೊಯ್ದ ಅಂಚು ಕಪ್ಪಾಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ನಾನು ಬ್ಲೇಡ್ ಮೊಂಡಾಗಿದೆ ಅಂದುಕೊಂಡು ಬದಲಾಯಿಸಿದೆ, ಮತ್ತೆ ಅದೇ. ನಮ್ಮವರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಅಳತೆಯ ಚೀಟಿ ನೋಡುವವರಂತೆ ನಟಿಸುತ್ತಿದ್ದರು. ಕೊನೆಗೆ ಅವರಿಗೇ ತಡೆಯಲಾಗಲಿಲ್ಲ.

“ಬ್ಲೇಡಿಂದ ಏನೂ ತಪ್ಪಿಲ್ಲ. ಗೈಡ್ ನೋಡು.”

ಗೈಡ್ ಎಂದರೆ ಹಲಗೆಯನ್ನು ಒತ್ತಿಕೊಂಡು ಸಾಗಿಸುವ ಕಬ್ಬಿಣದ ಪಟ್ಟಿ. ಅದು ಬ್ಲೇಡಿಗೆ ಸಮಾನಾಂತರವಾಗಿರಬೇಕು. ನಮ್ಮದು ಹಿಂದಿನ ತುದಿಯಲ್ಲಿ ಬ್ಲೇಡಿನ ಕಡೆ ಒಂದಿಷ್ಟು ವಾಲಿತ್ತು. ಹಲಗೆ ಮುಂದೆ ಹೋದಂತೆಲ್ಲ ಇಕ್ಕಟ್ಟಾಗಿ ಬ್ಲೇಡಿಗೆ ಉಜ್ಜುತ್ತಿತ್ತು. ಅವರು ಎದ್ದು ಬಂದು ಮೇನ್ ಇಳಿಸಲು ಹೇಳಿದರು. ಬ್ಲೇಡಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿಸಿದರು. ಆ ಹಲ್ಲು ಮುಂದಿರುವಾಗ ಟೇಬಲ್ಲಿನ ಮೇಲೆ ಉದ್ದಕ್ಕೆ ಕೊರೆದ ತೋಡಿನಿಂದ ಎಷ್ಟು ದೂರ ಎಂದು ಅಳೆಸಿದರು. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಸಿದರು. ಎರಡೂ ಒಂದೇ ಬಂತು. “ಬ್ಲೇಡ್ ಸರಿ ಐತಿ. ಈಗ ಗೈಡ್ ಹಂಗ ತೋಡಿಗೆ ಹೊಂದಸು. ಹಿಂದಿನ ತುದಿ ಕೂದಲೆಳಿಯಷ್ಟು ಹೊರಗ ಇದ್ರೂ ನಡೀತೈತಿ, ಒಳಗ ಮಾತ್ರ ಬರಬಾರದು.”

ಅದಾದ ಮೇಲೆ ಕೊಯ್ದ ಹಲಗೆಯ ಅಂಚು ಬೆಳ್ಳಗೆ ಬಂತು. ನಾನು ಅದನ್ನು ಎತ್ತಿ ಅವರಿಗೆ ತೋರಿಸಿದೆ. ಅವರು ನೋಡಿದರು. ಮರುದಿನ ಸ್ಟೂಲನ್ನು ಮಶೀನಿನ ಹತ್ತಿರ ತಂದು ಹಾಕಿಕೊಂಡಿದ್ದರು.

ಕಲಿಸುವಾಗ ಅವರಷ್ಟು ಕಠಿಣ ಗುರು ಇನ್ನೊಬ್ಬರಿಲ್ಲ. ಬ್ಲೇಡ್ ಹಲಗೆಯಿಂದ ಸ್ವಲ್ಪ ಮೇಲೆ ಕಂಡರೆ ಸಾಕು, ಗೋಪುರದ ಹಾಗೆ ಏರಿಸಬಾರದು. ಸಣ್ಣ ಪಟ್ಟಿ ಕೊಯ್ಯುವಾಗ ಕೈ ಅಲ್ಲ, ತಳ್ಳುಗೋಲು. ಆ ಕೋಲು ಹುಡುಕಿ ತರುವ ಹಾಗಿರಬಾರದು, ಗೈಡಿನ ಮೇಲೇ ಇರಬೇಕು. ಬ್ಲೇಡಿನ ನೇರಕ್ಕೆ ನಿಲ್ಲಬಾರದು. ಈ ಕೊನೆಯದನ್ನು ಅವರು ಬೈದೇ ಕಲಿಸಿದರು. ನಾನು ಮರೆತು ನೇರಕ್ಕೆ ಬಂದರೆ, “ಬಾಜು ಸರಿ! ಅಲ್ಲಿ ನಿನಗೇನ್ ಕೆಲಸ?” ಎಂದು ಎಲ್ಲರ ಮುಂದೆ ಗದರುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು.

ಮುಂಡಗೋಡದ ಕಡೆಯ ಒಬ್ಬರು ಹಲಸಿನ ಮರದ ಹಲಗೆ ತಂದಿದ್ದ ದಿನ ಆ ಅವಮಾನವೆಲ್ಲ ತೀರಿತು. ಹಲಗೆ ಸರಿಯಾಗಿ ಒಣಗಿರಲಿಲ್ಲ. ಅರ್ಧ ಕೊಯ್ಯುವಷ್ಟರಲ್ಲಿ ಸೀಳಿದ ಬಾಯಿ ತಾನಾಗಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯಿತು. ಮಶೀನ್ ಅದನ್ನು ಹಿಂದಕ್ಕೆ ಒದ್ದಿತು. ಹಲಗೆ ನನ್ನ ಪಕ್ಕದಿಂದ ಹಾರಿಹೋಗಿ ಹಿಂದಿನ ತಗಡಿನ ಗೋಡೆಗೆ ಬಡಿದು ತಗಡನ್ನು ಸೀಳಿ ಅಲ್ಲೇ ಸಿಕ್ಕಿಕೊಂಡಿತು. ನಾನು ಬಾಜು ನಿಂತಿದ್ದೆ. ನೇರಕ್ಕೆ ನಿಂತಿದ್ದರೆ ಅದು ನನ್ನ ಹೊಟ್ಟೆಗೆ ಬರುತ್ತಿತ್ತು. ಕೆಂಪು ಗುಂಡಿ ಒತ್ತಿ ಬ್ಲೇಡ್ ಪೂರ್ತಿ ನಿಲ್ಲುವ ತನಕ ನಿಂತೇ ಇದ್ದೆ. ಆಮೇಲೆ ಕೂತೆ. ನಮ್ಮವರು ನೀರು ತಂದುಕೊಟ್ಟರು.

ಶೇಟ್ರಿಗೆ ಅವತ್ತೇ ಹೇಳಿದೆವು, ಇಬ್ಬರೂ ಕೂಡಿ. ಬ್ಲೇಡಿನ ಬೆನ್ನಿಗೆ ಒಂದು ಉಕ್ಕಿನ ತೆಳು ಪಟ್ಟಿ ನಿಲ್ಲಿಸಬೇಕು. ಸೀಳಿದ ಕಟ್ಟಿಗೆ ಮುಚ್ಚಿಕೊಳ್ಳದಂತೆ ಅದು ಬಾಯಿ ತೆರೆದು ಹಿಡಿಯುತ್ತದೆ. ಬ್ಲೇಡಿನ ಮೈಗಿಂತ ದಪ್ಪ, ಹಲ್ಲು ಕೊಯ್ಯುವ ಅಗಲಕ್ಕಿಂತ ತೆಳು ಇರಬೇಕು. ಅದರ ಮೇಲೆ ಗಾರ್ಡ್, ಅಂದರೆ ಬ್ಲೇಡನ್ನು ಮುಚ್ಚುವ ಟೋಪಿ. ಶೇಟ್ರು ತಗಡಿನ ತೂತನ್ನೇ ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ದಾಂಡೇಲಿಯ ಒಂದು ಲೇಥ್ ಅಂಗಡಿಯಲ್ಲಿ ಎರಡನ್ನೂ ಮಾಡಿಸಿದೆವು. ಮೊದಲ ಪಟ್ಟಿ ದಪ್ಪವಾಗಿ ಹಲಗೆ ಮುಂದೆ ಸರಿಯಲಿಲ್ಲ. ಎರಡನೆಯದು ಹೊಂದಿತು.

ಈಗಿನವರಿಗೆ ಇವೆಲ್ಲ ಮಶೀನಿನ ಜೊತೆಗೇ ಬರುತ್ತವೆ. ಬ್ಲೇಡಿನ ಹಲ್ಲಿಗೆ ಗಟ್ಟಿ ತುದಿ ಇರುತ್ತದೆ, ವಾರಕ್ಕೊಮ್ಮೆ ಅರ ಹಿಡಿದು ಕೂರಬೇಕಿಲ್ಲ. ಮರದ ಹೊಟ್ಟನ್ನು ಎಳೆದುಕೊಳ್ಳುವ ಪೈಪು ಇದೆ. ನಾವು ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿದವರು, ರಾತ್ರಿಯಿಡೀ ಕೆಮ್ಮಿದವರು. ಆದರೂ ಹೊಸ ಮಶೀನಿನ ಗಾರ್ಡನ್ನು ಮೊದಲ ದಿನವೇ ಬಿಚ್ಚಿ ಮೂಲೆಗೆಸೆದದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಕಾರಣ ಒಂದೇ: ಅವಸರ. ಆ ಅವಸರದ ಎದುರು ನಾನು ಒಮ್ಮೆ ನೇರವಾಗಿ ನಿಲ್ಲಬೇಕಾಯಿತು.

ಅನಮೋಡದ ಹತ್ತಿರ ಹೊಸ ಹೋಮ್‌ಸ್ಟೇ ಒಂದಕ್ಕೆ ಬಾಗಿಲು, ಕಿಟಕಿ, ಮಂಚಗಳ ದೊಡ್ಡ ಆರ್ಡರ್ ಬಂದಿತ್ತು. ಮಳೆಗಾಲಕ್ಕೆ ಮೊದಲು ಮುಟ್ಟಿಸಬೇಕು. ಘಟ್ಟದಲ್ಲಿ ಮಳೆ ಹಿಡಿದರೆ ಅಲ್ಲಿ ಯಾವ ಕೆಲಸವೂ ಸಾಗುವುದಿಲ್ಲ. ಶೇಟ್ರು ಲೋಂಡಾ ಕಡೆಯಿಂದ ದತ್ತು ಎಂಬ ಮಿಸ್ತ್ರಿಯನ್ನು ಕರೆಸಿದರು. ದತ್ತು ನಿಜವಾಗಿಯೂ ಒಳ್ಳೆಯ ಕೆಲಸಗಾರ, ಅವನ ಕೈ ಓಡುವುದನ್ನು ನೋಡುವುದೇ ಒಂದು ಸಂತೋಷ. ಬಂದವನೇ ಗಾರ್ಡ್ ಕಳಚಿದ, ಬ್ಲೇಡಿನ ಬೆನ್ನಿನ ಉಕ್ಕಿನ ಪಟ್ಟಿಯನ್ನೂ ಕಳಚಿದ. ನನ್ನನ್ನು ಆ ಕಡೆ ನಿಂತು ಹಲಗೆ ಹಿಡಿಯಲು ಕರೆದ.

“ಗಾರ್ಡ್ ಹಾಕಪಾ, ಹಿಡೀತೇನಿ” ಅಂದೆ.

“ವೈನಿ, ಅದು ಕಣ್ಣಿಗೆ ಅಡ್ಡ ಬರತೈತಿ. ಇಷ್ಟ ವರ್ಷ ಹಿಂಗ ಮಾಡೇನಿ.” ಎರಡೂ ಕೈ ಎತ್ತಿ ತೋರಿಸಿ ನಕ್ಕ. “ನೋಡ್ರಿ, ಎಲ್ಲಾ ಬೆರಳು ಅದಾವು.”

“ಹಂಗಾರ ನಾ ಹಿಡಿಯಂಗಿಲ್ಲ.”

ಶೇಟ್ರು ಬಂದರು. ಅವರ ಮುಖ ಕೆಂಪಾಗಿತ್ತು. “ಗಂಗವ್ವಾ, ಮಳಿ ತಲಿ ಮ್ಯಾಲ ಬಂದೈತಿ. ನಿನ್ನ ಹಟ ಆಮ್ಯಾಲ ಇಟಗೋ. ಇಲ್ಲಾಂದ್ರ ಹೋಗಿ ಪಾಲಿಶ್ ಮಾಡು. ಮಶೀನ್ ಇನ್ನ ದತ್ತು ನೋಡಕೋತಾನ.”

“ಪಾಲಿಶ್ ಮಾಡ್ತೇನ್ರಿ” ಎಂದು ತಳ್ಳುಗೋಲನ್ನು ಗೈಡಿನ ಮೇಲಿಟ್ಟು ಹೋಗಿ ಕೂತೆ. ನಾನು ಕಷ್ಟಪಟ್ಟು ಗಳಿಸಿದ ಜಾಗ ಅದು. ಶೇಟ್ರು ನನ್ನ ಪಕ್ಕದಲ್ಲಿ ಉಜ್ಜುತ್ತಿದ್ದ ಹೆಂಗಸರನ್ನು ಹಲಗೆ ಹಿಡಿಯಲು ಕರೆದರು. ಅವರು ನನ್ನ ಮುಖ ನೋಡಿದರು. ಒಬ್ಬಳು ಮೆಲ್ಲಗೆ, “ಗಾರ್ಡ್ ಹಾಕಿದರ ಬರ್ತೇವ್ರಿ” ಅಂದಳು. ಯಾರೂ ಏಳಲಿಲ್ಲ. ನಾನು ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ, ನನಗೂ ಆಶ್ಚರ್ಯವಾಯಿತು.

ದತ್ತು ಒಬ್ಬನೇ ಕೊಯ್ಯತೊಡಗಿದ. ಹಿಡಿಯುವವರಿಲ್ಲದೆ ಉದ್ದನೆಯ ಹಲಗೆಯ ತುದಿ ಆ ಕಡೆ ಬಾಗುತ್ತಿತ್ತು. ಅವನು ಅದನ್ನು ಒತ್ತಿ ಹಿಡಿಯಲು ಬ್ಲೇಡಿನ ಮೇಲಿನಿಂದ ಕೈ ಚಾಚಿದ.

ಆಗ ನಮ್ಮವರು ಸ್ಟೂಲಿನಿಂದ ಎದ್ದರು. ನಡೆದುಬಂದು ಕೆಂಪು ಗುಂಡಿ ಒತ್ತಿದರು. ಬ್ಲೇಡ್ ನಿಲ್ಲುವ ತನಕ ಕಾದರು. ಆಮೇಲೆ ಬಲಗೈಯ ಟವೆಲ್ ಬಿಚ್ಚತೊಡಗಿದರು. ಧಾರವಾಡದ ಆಸ್ಪತ್ರೆಯಿಂದ ಬಂದ ಮೇಲೆ ಹೊರಗಿನವರ ಎದುರು ಅವರು ಅದನ್ನು ಬಿಚ್ಚಿದ್ದು ಅದೇ ಮೊದಲು. ಶೇಟ್ರೂ ಆ ಕೈ ನೋಡಿರಲಿಲ್ಲ.

“ದತ್ತು, ಕೈ ಕೊಡು” ಅಂದರು.

ದತ್ತು ಹಿಂಜರಿಯುತ್ತ ಕೈ ಚಾಚಿದ. ನಮ್ಮವರು ಹೆಬ್ಬೆರಳು, ಕಿರುಬೆರಳುಗಳ ನಡುವೆ ಅವನ ಕೈ ಹಿಡಿದರು. “ಗಟ್ಟಿ ಹಿಡಿ. ಹೆದರಬ್ಯಾಡ, ಈಗ ನೋಯಂಗಿಲ್ಲ. ನಾನೂ ನಿನ್ನಂಗ ಎಲ್ಲಾರಿಗೂ ತೋರಸ್ತಿದ್ನಿ, ನೋಡ್ರಿ ಎಲ್ಲಾ ಬೆರಳು ಅದಾವು ಅಂತ.”

ದತ್ತು ಆ ಕೈಯನ್ನೇ ನೋಡುತ್ತ ನಿಂತ. ಅವನ ಮುಖದ ನಗು ಹೋಗಿತ್ತು. “ದಾದಾ, ಗಾರ್ಡ್ ಹಾಕಿದರ ಗುರುತು ಕಾಣಸಂಗಿಲ್ಲ. ಹೆಂಗ ಮಾಡೂದು?” ಎಂದು ಕೇಳಿದ. ನಮ್ಮವರು ಹಲಗೆಯ ದಪ್ಪಕ್ಕೆ ತಕ್ಕಂತೆ ಗಾರ್ಡನ್ನು ಎಷ್ಟು ಇಳಿಸಬೇಕೆಂದು ಹೇಳಿ, ಬ್ಲೇಡಿನ ನೇರಕ್ಕೆ ಟೇಬಲ್ಲಿನ ಮುಂದಿನ ಅಂಚಿನ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ಹಲಗೆಯ ಗುರುತನ್ನು ಆ ಗೆರೆಗೆ ಹೊಂದಿಸಿದರೆ ಬ್ಲೇಡ್ ನೋಡುವ ಅಗತ್ಯವೇ ಇಲ್ಲ. ದತ್ತು ಪಟ್ಟಿ, ಗಾರ್ಡ್ ಎರಡನ್ನೂ ತಾನೇ ಕೂರಿಸಿದ. ನಾನು ಎದ್ದುಹೋಗಿ ಆ ಕಡೆ ನಿಂತು ಹಲಗೆ ಹಿಡಿದೆ. ಶೇಟ್ರು ಏನೋ ಗೊಣಗಿಕೊಂಡು ಹೊರಗೆ ಹೋದರು.

ಸಾಮಾನು ತಡವಾಗಿಯೇ ಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಮಳೆಯಲ್ಲೇ ಲಾರಿಗೆ ತಾಡಪತ್ರಿ ಕಟ್ಟಿ ಕಳಿಸಿದೆವು. ಹೋಮ್‌ಸ್ಟೇಯವರು ಫೋನಿನಲ್ಲಿ ಕೂಗಾಡಿದರು, ಶೇಟ್ರು ನಮ್ಮ ಮೇಲೆ ಕೂಗಾಡಿದರು. ನೀವು ಮಾಡಿದ್ದು ಸರಿ ಎಂದು ಅವರು ಎಂದೂ ಹೇಳಲಿಲ್ಲ. ಆದರೆ ಗಾರ್ಡ್ ತೆಗೆಯಿರಿ ಎಂದೂ ಮತ್ತೆ ಹೇಳಲಿಲ್ಲ, ಮಶೀನಿಗೂ ನನ್ನನ್ನೇ ಕರೆದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಇಲ್ಲ ಅನ್ನಬೇಕಾದಾಗ ನಿಮ್ಮ ಧ್ವನಿ ನಡುಗಬಹುದು, ನಡುಗಲಿ, ಆದರೂ ಅನ್ನಿ.

ಲಾರಿ ಹೋದ ಮರುದಿನ ವರ್ಕ್‌ಶಾಪಿನಲ್ಲಿ ಕೆಲಸ ಕಡಿಮೆ ಇತ್ತು. ನಮ್ಮವರು ಸಾಗವಾನಿಯ ತುಂಡೊಂದನ್ನು ಎಡಗೈಯಿಂದ ಕೆತ್ತಿ ಒಂದು ಹಿಡಿಕೆ ಮಾಡಿಕೊಂಡಿದ್ದರು. ಹೆಬ್ಬೆರಳು, ಕಿರುಬೆರಳು ಎರಡಕ್ಕೂ ಸರಿಯಾಗಿ ಕೂರುವ ಹಿಡಿಕೆ, ಕೆಳಗೆ ಹಲಗೆಯ ತುದಿಗೆ ಕಚ್ಚಿಕೊಳ್ಳುವ ಮೆಟ್ಟಿಲು. ಯಾವಾಗ ಮಾಡಿದರೋ ನನಗೆ ಗೊತ್ತಿಲ್ಲ. ಮಶೀನಿನ ಮುಂದೆ ಬಂದು ನಿಂತರು. ಕೈಗೆ ಟವೆಲ್ ಇರಲಿಲ್ಲ.

“ಇವತ್ತ ನಾ ಕೊಯ್ತೇನಿ” ಅಂದರು.

ನನಗೆ ಬೇಡ ಅನ್ನಬೇಕೆನಿಸಿತು. ಅವರು ಬ್ಲೇಡಿನ ಎತ್ತರ ನೋಡಿದರು, ಗೈಡ್ ಅಳೆದರು, ಗಾರ್ಡ್ ಇಳಿಸಿದರು. ಹಸಿರು ಗುಂಡಿ ಒತ್ತುವ ಮೊದಲು ತಿರುಗಿ ನನ್ನನ್ನು ನೋಡಿದರು. ನಾನು ನನಗೇ ತಿಳಿಯದಂತೆ ಅವರ ಬೆನ್ನ ಹಿಂದೆ, ಬ್ಲೇಡಿನ ನೇರಕ್ಕೆ ಹೋಗಿ ನಿಂತುಬಿಟ್ಟಿದ್ದೆ.

“ಬಾಜು ಸರಿ” ಅಂದರು. ಗದರಲಿಲ್ಲ.

ಸರಿದು ನಿಂತೆ. ಬ್ಲೇಡ್ ತಿರುಗಿತು. ಎಡಗೈ ಹಲಗೆಯನ್ನು ಗೈಡಿಗೆ ಒತ್ತಿ ದೂರದಲ್ಲೇ ನಿಂತಿತು, ಬಲಗೈಯ ಹಿಡಿಕೆ ಹಲಗೆಯನ್ನು ಒಂದೇ ಸಮ ಮುಂದೆ ದೂಡಿತು. ತುದಿ ದಾಟಿತು. ಅವರು ಕೆಂಪು ಗುಂಡಿ ಒತ್ತಿ, ಬ್ಲೇಡ್ ನಿಂತ ಮೇಲೆ ಹಲಗೆ ಎತ್ತಿಕೊಂಡು, ಉಳಿದ ಎರಡು ಬೆರಳಿನಿಂದ ಕೊಯ್ದ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ ನೋಡಿದರು. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಹೊಟ್ಟು ಬಿದ್ದಿದೆ ಎಂದರು.

“ಇನ್ನೊಂದ ಹಲಿಗಿ ತಾ” ಅಂದರು. ತಂದುಕೊಟ್ಟೆ.